ಕೆಂಪಿ ಹಳದಿಯಾದದ್ದು

ಸುಮ್ಮನೆ ಕೂರುವುದು ಒಂದು ವಿದ್ಯೆ. ಅದು ನನಗೆ ಈ ಜನ್ಮದಲ್ಲಿ ಒಲಿಯುವಂತೆ ಕಾಣುವುದಿಲ್ಲ. ಬಸ್ಸು ತಡವಾದರೆ ಉಳಿದವರೆಲ್ಲ ನಿಂತಲ್ಲೇ ನಿಂತಿರುತ್ತಾರೆ. ನಾನು ಮಾತ್ರ ರಸ್ತೆಯ ಮಧ್ಯಕ್ಕೆ ಹೋಗಿ ಕತ್ತು ಚಾಚಿ ನೋಡಿ ಬರುತ್ತೇನೆ, ನಾನು ನೋಡಿದ ಮಾತ್ರಕ್ಕೆ ಡ್ರೈವರ್ ಗಾಬರಿಬಿದ್ದು ಬೇಗ ಬರುತ್ತಾನೆ ಎಂಬಂತೆ. ಹಾಲು ಕಾಯಲಿಟ್ಟರೆ ಸೌಟು ಆಡಿಸಿ ಆಡಿಸಿ ಕೆನೆ ಕಟ್ಟಲು ಬಿಡುವುದಿಲ್ಲ. ಹೆಂಡತಿ ಸುಮತಿ ಇದಕ್ಕೆ ಕಾಲಲ್ಲಿ ಚಕ್ರ ಎಂದು ಹೆಸರಿಟ್ಟಿದ್ದಾಳೆ. ಅತ್ತೆಯವರು ಮರ್ಯಾದಸ್ಥರು, ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ನಾನು ಓಡಾಡುವ ದಾರಿಯಲ್ಲಿರುವ ಚೊಂಬು, ಮಣೆ, ಮೊರಗಳನ್ನು ಮೆಲ್ಲಗೆ ಎತ್ತಿ ಗೋಡೆಯ ಪಕ್ಕಕ್ಕೆ ಸರಿಸುತ್ತಾರೆ, ಅಷ್ಟೆ. ಮನೆ ಅಳಿಯನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹೌದು, ನಾನು ಮನೆ ಅಳಿಯ. ದಾವಣಗೆರೆಯವನು, ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಕರ್ನಾಟಕದ ಅಂಗಡಿಗಳಿಂದ ಆರ್ಡರ್ ಹಿಡಿದುಕೊಡುವ ಕೆಲಸಕ್ಕೆಂದು ಬಂದು, ಕರುಮತ್ತಂಪಟ್ಟಿಯ ಈ ನೇಕಾರರ ಮನೆಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದುಬಿಟ್ಟೆ. ಇವರು ಎಷ್ಟೋ ತಲೆಮಾರುಗಳಿಂದ ಇಲ್ಲಿಯವರು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಆ ಕನ್ನಡವೂ ಅರ್ಧ ತಮಿಳಿನ ರಾಗದಲ್ಲೇ ಇರುತ್ತದೆ. ಅತ್ತೆ ನನ್ನನ್ನು ಕರೆಯುವುದು 'ಮಾಪ್ಳೆ' ಎಂದು, ಅಂದರೆ ಅಳಿಯಂದಿರು. ಇಡೀ ಬೀದಿಯಲ್ಲಿ ಹೊಸ್ತಿಲ ಹೊರಗೂ ಕನ್ನಡದಲ್ಲೇ ಮಾತಾಡಿಸಿಕೊಳ್ಳುವವರು ನಾನು ಮತ್ತು ಕೆಂಪಿ, ಇಬ್ಬರೇ. ಕೆಂಪಿ ಎಂದರೆ ಅತ್ತೆಯ ಕೋಳಿ. ನಮ್ಮಿಬ್ಬರಲ್ಲಿ ಕರೆದ ಕೂಡಲೇ ಬರುವುದು ಕೆಂಪಿ.

ಹೋದ ಬೇಸಿಗೆಯಲ್ಲಿ ಅತ್ತೆ ಧಾರಾಪುರಕ್ಕೆ, ತಂಗಿಯ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೊರಟರು. ಈ ಮನೆಯಲ್ಲಿ ಅದುವರೆಗೆ ನನ್ನ ಕೈಗೆ ಯಾರೂ ಯಾವುದನ್ನೂ ಒಪ್ಪಿಸಿರಲಿಲ್ಲ. ಹಿಂದಿನ ಶೆಡ್ಡಿನ ಮಗ್ಗಗಳನ್ನು ನೋಡಿಕೊಳ್ಳಲು ಭಾಮೈದನಿದ್ದ, ಅಡಿಗೆಮನೆಗೆ ಸುಮತಿ ಇದ್ದಳು, ನಾನು ಊಟಕ್ಕೆ ಇದ್ದೆ. ಅಂಥದ್ದರಲ್ಲಿ ಆಟೋ ಹತ್ತುವ ಮುಂಚೆ ಅತ್ತೆ ತಿರುಗಿ, "ಮಾಪ್ಳೆ, ಕೆಂಪಿನ ನೀವೇ ನೋಡ್ಕೊಳ್ಳಿ. ನೆಳ್ಳು, ನೀರು, ಅಷ್ಟೇ ಸಾಕು," ಅಂದರು. ನನಗೆ ಎದೆ ತುಂಬಿ ಬಂತು. ಕೋಳಿಯೇ ಆದರೂ ಅದೊಂದು ಅಧಿಕಾರ ತಾನೆ? ಇದನ್ನು ನೆಟ್ಟಗೆ ನಿಭಾಯಿಸಿದರೆ ಮುಂದೆ ನನ್ನ ದಾರಿಯ ಚೊಂಬುಗಳು ಇದ್ದಲ್ಲೇ ಇದ್ದಾವು ಎಂದು ಆಸೆಯಾಯಿತು.

ಇಲ್ಲಿಯವರು ಅಗ್ನಿ ನಕ್ಷತ್ರ ಎನ್ನುವ ಕಡುಬೇಸಿಗೆಯ ಬಿಸಿಲು. ಅಂಗಳದ ಸಿಮೆಂಟಿನ ಮೇಲೆ ಕಾಲಿಡುವಂತಿರಲಿಲ್ಲ. ಭಾಮೈದ ಶೆಡ್ಡಿನಲ್ಲಿದ್ದ, ಸುಮತಿ ತಿರುಪ್ಪೂರಿನ ಆಫೀಸಿಗೆ ಹೋಗಿದ್ದಳು. ಮಧ್ಯಾಹ್ನ ನಾನು ರಾಣೆಬೆನ್ನೂರಿನ ಅಂಗಡಿಯವರೊಬ್ಬರಿಗೆ ತೋಳಿನ ಬನಿಯನ್ನು ಯಾಕೆ ಒಳ್ಳೆಯದು ಎಂದು ಫೋನಿನಲ್ಲಿ ವಿವರಿಸುತ್ತ, ಅಭ್ಯಾಸದಂತೆ ಮನೆಯ ಸುತ್ತ ತಿರುಗುತ್ತಿದ್ದೆ. ಹಿತ್ತಲಿಗೆ ಬಂದು ನೋಡುತ್ತೇನೆ, ಕೆಂಪಿ ಗೋಡೆಯ ಬುಡದಲ್ಲಿ ರೆಕ್ಕೆ ಎರಡೂ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿದೆ. ತಲೆಯ ಜುಟ್ಟು ಬಿಳಿಚಿಕೊಂಡಿತ್ತು. "ತೋಳಿಲ್ಲದ್ದು ಕಳಿಸ್ರಿ" ಎಂದು ಅವರು ಹೇಳುತ್ತಿದ್ದರೆ ನಾನು "ಅಯ್ಯೋ, ಸತ್ತೇ ಹೋಗುತ್ತೆ" ಎಂದು ಫೋನು ಇಟ್ಟೆ. ಅವರು ತೋಳಿನ ಬನಿಯನ್ನನ್ನೇ ತೆಗೆದುಕೊಳ್ಳುತ್ತೇನೆಂದು ಆಮೇಲೆ ಮೆಸೇಜು ಕಳಿಸಿದ್ದರು.

ಸುಮತಿಗೆ ಫೋನು ಮಾಡಿದೆ. ಅವಳು ಇಂಥದ್ದನ್ನು ಹುಟ್ಟಿದಾಗಿನಿಂದ ನೋಡಿದವಳು. ಬೇವಿನ ನೆರಳಿಗೆ ಎತ್ತಿಡಿ, ಅಗಲವಾದ ಬೋಗುಣಿಯಲ್ಲಿ ನೀರಿಡಿ, ಕಾಲು ತುಸು ನೆನೆಯಲಿ, ಬಾಯಿಗೆ ಒತ್ತಿ ಹುಯ್ಯಬೇಡಿ, ಆಮೇಲೆ ಸುಮ್ಮನೆ ಬಿಡಿ, ತಾನೇ ಸುಧಾರಿಸಿಕೊಳ್ಳುತ್ತೆ ಎಂದಳು. ಎಲ್ಲವನ್ನೂ ಮಾಡಿದೆ, ಸುಮ್ಮನೆ ಬಿಡುವುದೊಂದನ್ನು ಬಿಟ್ಟು. ಟೇಬಲ್ ಫ್ಯಾನು ತಂದೆ, ವೈರು ಸಾಲಲಿಲ್ಲ. ಗೋಣಿಚೀಲ ನೆನೆಸಿ ತಂದೆ. ಅದನ್ನು ಕಂಡು ಕೋಳಿ ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಬಿಸಿಲಿಗೆ ಓಡಿತು. ಹಿಡಿದು ತಂದು ಮತ್ತೆ ನೆರಳಿಗೆ ಇಟ್ಟೆ. ಕಲ್ಲಂಗಡಿ ಹೋಳು ಇಟ್ಟೆ. ಉಸಿರು ನಿಂತಿತೇನೋ ಎಂದು ಪದೇಪದೇ ಬಗ್ಗಿ ನೋಡಿದೆ. ನಾನು ಬಗ್ಗಿದಾಗಲೆಲ್ಲ ಅದು ಇನ್ನಷ್ಟು ಬಾಯಿ ತೆರೆಯುತ್ತಿತ್ತು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಕೋಳಿಯಲ್ಲ, ಧಾರಾಪುರದಿಂದ ಬಂದು ಕೆಂಪಿ ಮಲಗುವ ಬುಟ್ಟಿ ಖಾಲಿಯಿರುವುದನ್ನು ನೋಡಿ, ಒಂದು ಮಾತೂ ಆಡದೆ ಅದನ್ನು ಗೋಡೆಯ ಪಕ್ಕಕ್ಕೆ ಸರಿಸುವ ಅತ್ತೆ.

ಆಗ ಪಕ್ಕದ ಮನೆಯ ಪಾಪಾತ್ತಿ ಅಕ್ಕ ಕಾಂಪೌಂಡಿನ ಮೇಲೆ ತಲೆಯೆತ್ತಿದರು. ಅವರು ತಮಿಳರು, ಬಲು ಉಪಕಾರಿ. ನಮ್ಮ ಹಿತ್ತಲಲ್ಲಿ ಏನೇ ನಡೆದರೂ ಗೋಡೆಯ ಮೇಲೆ ಅವರ ತಲೆ ಇರುತ್ತದೆ. ನನ್ನ ಅವಸ್ಥೆ ನೋಡಿ ಮರುಗಿ, "ಅರಿಸಿ ಕಳುವುನ ತಣ್ಣಿ ಊತ್ತುಂಗ ತಂಬಿ," ಅಂದರು. ಶೆಡ್ಡಿನಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ತಮಿಳಿನಲ್ಲಿ ಅರಿಸಿ ಎಂದರೆ ಅಕ್ಕಿ ಎಂಬುದು ರೇಷನ್ ಅಂಗಡಿಯ ಮುಂದೆ ನಿಂತಿದ್ದರೆ ನನಗೂ ಗೊತ್ತು. ಆದರೆ ಹಿತ್ತಲಲ್ಲಿ, ಕನ್ನಡದ ಕೋಳಿಯ ಎದುರು, ನನ್ನ ಕಿವಿ ಕನ್ನಡಕ್ಕೇ ತಿರುಗಿತ್ತು. ಅಕ್ಕಿ ತೊಳೆದ ನೀರನ್ನು ಬೋಗುಣಿಗೆ ಹುಯ್ದಿಡಿ ಎಂದು ಅವರು ಹೇಳಿದ್ದು ನನಗೆ ಅರಿಶಿನ ಕಲಸಿದ ನೀರನ್ನು ಹುಯ್ಯಿರಿ ಎಂದು ಕೇಳಿಸಿತು. ಸರಿಯಾಗಿಯೇ ಇದೆ ಅನ್ನಿಸಿತು. ನಮ್ಮೂರಲ್ಲಿ ಮೊಣಕಾಲು ತರಚಿದರೂ ಅರಿಶಿನ, ಮದುವೆಯಾದರೂ ಅರಿಶಿನ, ಕೋಳಿಗೆ ಯಾಕಾಗಬಾರದು? ಡಬ್ಬಿಯಲ್ಲಿದ್ದದ್ದನ್ನು ಧಾರಾಳವಾಗಿ ಚೊಂಬಿಗೆ ಸುರಿದು, ಕಲಸಿ, "ಹೇಗಾದರೂ ಬದುಕಿಕೊಳ್ಳೇ ತಾಯಿ" ಎಂದು ಕೈಮುಗಿದು ಕೆಂಪಿಯ ನೆತ್ತಿಯಿಂದ ಹುಯ್ದೆ.

ಕೆಂಪಿ ಒಂದು ಗಳಿಗೆ ಅಲುಗಾಡಲಿಲ್ಲ. ಆಮೇಲೆ ಎದ್ದು ನಿಂತು, ಕುತ್ತಿಗೆಯಿಂದ ಬಾಲದವರೆಗೆ ಮೈಯೆಲ್ಲ ಜೋರಾಗಿ ಒದರಿತು. ಅರ್ಧ ಅರಿಶಿನ ನನ್ನ ಮುಖಕ್ಕೆ, ಕಂಪನಿಯವರೇ ಕೊಟ್ಟ ಬಿಳಿ ಬನಿಯನ್ನಿಗೆ ಹಾರಿತು. ಕಣ್ಣಿಗೆ ಬಿದ್ದದ್ದಕ್ಕೆ ನಾನೂ ತಲೆ ಒದರಿದೆ. ಕಣ್ಣು ಬಿಟ್ಟಾಗ ಕೋಳಿ ಬಾಯಿ ಮುಚ್ಚಿ, ಬೋಗುಣಿಯ ನೀರು ಕುಡಿಯುತ್ತಿತ್ತು! ನನಗಾದ ಸಂತೋಷಕ್ಕೆ ಹಿತ್ತಲಲ್ಲೇ ಒಂದು ಸುತ್ತು ಬಂದೆ. ಗೋಡೆಯ ಮೇಲೆ ನೋಡಿದರೆ ಪಾಪಾತ್ತಿ ಅಕ್ಕ ಗಲ್ಲಕ್ಕೆ ಕೈಬಡಿದುಕೊಂಡು, "ಮಾರಿಯಮ್ಮ, ತಾಯೇ, ಉತ್ತರವು ಕುಡುತ್ತುಟ್ಟಿಯಾ" ಎನ್ನುತ್ತಿದ್ದರು. ಉತ್ತರವು ಎಂದರೆ ಇಲ್ಲಿ ಅಪ್ಪಣೆ; ಅಪ್ಪಣೆ ಕೊಟ್ಟುಬಿಟ್ಟೆಯಾ ಎಂದು ಅವರು ಅಮ್ಮನನ್ನು ಕೇಳುತ್ತಿದ್ದರು. ಬಲಿ ಕೊಡುವ ಮುಂಚೆ ಕುರಿಗೋ ಕೋಳಿಗೋ ಅರಿಶಿನದ ನೀರು ಹುಯ್ದು ಕಾಯುತ್ತಾರೆ. ಅದು ಮೈ ಒದರಿದರೆ ಅಮ್ಮ ಒಪ್ಪಿದಳು ಎಂದರ್ಥ. ನಮ್ಮ ಕಡೆಯೂ ಉಂಟು ಈ ಪದ್ಧತಿ. ನನಗೆ ಅದು ನೆನಪಾದದ್ದು ಚೊಂಬು ಖಾಲಿಯಾದ ಮೇಲೆ.

ಆಮೇಲಿನ ನನ್ನ ಒದ್ದಾಟ ಯಾರಿಗೂ ಬೇಡ. ಬಿಸಿಲಿನಿಂದ ಉಳಿಸಿದ ಕೋಳಿಯನ್ನು ನಾನೇ ಸ್ವಂತ ಕೈಯಾರೆ ದೇವಿಗೆ ಒಪ್ಪಿಸಿಬಿಟ್ಟಿದ್ದೆ. ಸೋಪು ಹಾಕಿ ತೊಳೆಯೋಣವೆಂದರೆ ಮೊದಲೇ ಬಳಲಿದ ಜೀವ. ಅಲ್ಲದೆ ಅರಿಶಿನ ಬಿಡಬೇಕಲ್ಲ. ಕೆಂಪಿಯೇನೋ ಹಳದಿ ಬಣ್ಣದಲ್ಲಿ ಕಲ್ಲಂಗಡಿ ಕುಕ್ಕುತ್ತ ನೆಮ್ಮದಿಯಾಗಿತ್ತು. ನಾನು ಹಿತ್ತಲಿಗೂ ಬೀದಿ ಬಾಗಿಲಿಗೂ ನಡೆದೂ ನಡೆದೂ ಚಪ್ಪಲಿ ಕಿತ್ತುಹೋಯಿತು. ಅಮ್ಮನಿಗೆಂದು ಆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಪಾಪಾತ್ತಿ ಅಕ್ಕ ಗೋಡೆಯ ಮೇಲಿನಿಂದಲೇ ಭಾಮೈದನಿಗೂ ಹೇಳಿದರು. ಅವನು ನನ್ನನ್ನು ನೋಡಿದ, ಕೋಳಿಯನ್ನು ನೋಡಿದ, ಮಗ್ಗದ ಸದ್ದು ಇರುವ ಕಡೆಗೆ ಹೋಗಿಬಿಟ್ಟ.

ಮರುದಿನ ಅತ್ತೆ ಬಂದರು. ನಾನು ಬಾಗಿಲಲ್ಲೇ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಕೈಕಾಲು ತೊಳೆದು, ಕೆಂಪಿಯನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು ಬೇವಿನ ಕೆಳಗೆ ಕೂತರು. ಪಾಪಾತ್ತಿ ಅಕ್ಕ ತಾವು ಕಣ್ಣಾರೆ ಕಂಡದ್ದನ್ನು ಹೇಳಿದರು. ಅತ್ತೆ ಕೋಳಿಯ ಬೆನ್ನು ಸವರುತ್ತ ಎಲ್ಲ ಕೇಳಿ, ನನ್ನ ಕಡೆ ತಿರುಗಿದರು.

"ನೀರು ಕೋಳಿ ಮ್ಯಾಲೆ ಮಾತ್ರ ಬಿತ್ತಾ, ಮಾಪ್ಳೆ, ನಿಮ್ ಮ್ಯಾಲೂ ಬಿತ್ತಾ?"

ನಾನು ಬನಿಯನ್ನನ್ನು ತೋರಿಸಿದೆ. ಅದು ಇನ್ನೂ ಹಳದಿಯಾಗಿಯೇ ಇತ್ತು.

"ನೀವೂ ಒದರಿದ್ರಾ?"

ಒದರಿದೆ ಎಂದೆ. ಅತ್ತೆ ಗೋಡೆಯ ಕಡೆ ನೋಡಿ, ತಣ್ಣಗೆ ತಮಿಳಿನಲ್ಲಿ ಕೇಳಿದರು: "ಅಪ್ಪೊ ಅಮ್ಮ ಕೇಟ್ಟದು ಕೋಳಿಯಾ, ಮಾಪ್ಳೆಯಾ?"

ಹಾಗಾದರೆ ಅಮ್ಮ ಕೇಳಿದ್ದು ಕೋಳಿಯನ್ನೋ, ಅಳಿಯನನ್ನೋ? ಪಾಪಾತ್ತಿ ಅಕ್ಕ ಗೋಡೆಯಿಂದ ಇನ್ನಷ್ಟು ಮುಂದೆ ಬಾಗಿದರು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಅವರು ಅಷ್ಟು ಹೊತ್ತು ಯೋಚಿಸಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಕೊನೆಗೆ ಇಬ್ಬರೂ ಹೆಂಗಸರು ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದರು: ಅಳಿಯಂದಿರು ಅಮ್ಮನಿಗೆ ಮುಡಿ ಕೊಟ್ಟುಬಿಡಲಿ, ಕೋಳಿಗೂ ಅವರಿಗೂ ಸೇರಿ ಅದೇ ಆಯಿತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಒಪ್ಪುತ್ತಿದ್ದೆ. ಮಡಿಲಲ್ಲಿದ್ದ ಕೆಂಪಿಯ ಮುಖ ನೋಡಿ ಅಲ್ಲ, ಅತ್ತೆಯ ಕೈ ಅದನ್ನು ಸವರುತ್ತಿದ್ದ ರೀತಿ ನೋಡಿ.

ಮಾರಿಯಮ್ಮನ ಗುಡಿಯಿಂದ ಬೋಳುತಲೆಯಲ್ಲಿ ನಡೆದು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇ ಇಳಿದಿತ್ತು. ಬೇವಿನ ಕೆಳಗೆ ಕುಸಿದು, ಬಾಯಿ ತೆರೆದು ಏದುಸಿರು ಬಿಡತೊಡಗಿದೆ. ಅತ್ತೆ ನೆತ್ತಿಗೆ ಗಂಧ ತೇಯ್ದು ಮೆತ್ತಿ, ಬೋಗುಣಿಯಲ್ಲಿ ನೀರು ತಂದು ನನ್ನ ಕಾಲ ಬಳಿ ಇಟ್ಟು, "ಸುಮ್ನೆ ಕೂತಿರಿ ಮಾಪ್ಳೆ, ತಾನೇ ಸರಿ ಆಯ್ತದೆ," ಎಂದು ಒಳಗೆ ಹೋದರು. ಕೆಂಪಿ ಮಾತ್ರ ನಿಲ್ಲಲಾರದೆ ನನ್ನ ಸುತ್ತ ತಿರುಗುತ್ತ, ಆಗಾಗ ಕತ್ತು ಬಗ್ಗಿಸಿ ನನ್ನ ಮುಖ ನೋಡುತ್ತಿತ್ತು. ಅಷ್ಟರಲ್ಲಿ ಗಂಧದ ನೀರಿನದೊಂದು ಹನಿ ನೆತ್ತಿಯಿಂದ ಹೊರಟು ಕಿವಿಯ ಹಿಂದೆ ಇಳಿದು ಬೆನ್ನಿನ ಕಡೆಗೆ ಹರಿಯತೊಡಗಿತು. ತಡೆಯಲಾರದ ಕಚಗುಳಿ. ಮೈ ಒದರಬೇಕು, ಇನ್ನೇನು ಒದರಬೇಕು, ಆಗ ಕಣ್ಣೆತ್ತಿದೆ. ಗೋಡೆಯ ಮೇಲೆ ಪಾಪಾತ್ತಿ ಅಕ್ಕನ ತಲೆ ಇತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಸುಮ್ಮನೆ ಕೂತೆ.