ಕತ್ತಿ ಕೈಬಿಟ್ಟ ಜಪಾನೀ ಯೋಧರಿಗೆ ಅಗಸೂರಿನ ಗುಮಟೆಯವನ ತಕರಾರು

ಶಿರಸ್ತ್ರಾಣಭೂಷಿತರೂ, ಮಿತಭಾಷಿಗಳೂ, ಭಾನುವಾರ ಬೆಳಗಿನ ಒಂಬತ್ತೂವರೆಯ ಮಹಾಯೋಧರೂ ಆದ ಶ್ರೀ ಇವಾತೋರಾ ಅವರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಕುದುರೆ, ತಮ್ಮ ಗುಡ್ಡದ ಮೇಲಿನ ಕೋಟೆ ಎಲ್ಲವೂ ಕ್ಷೇಮವೆಂದು ಭಾವಿಸಿ, ಅಂಕೋಲಾ ತಾಲೂಕು ಅಗಸೂರಿನ ಹುಲಿಯಾ ಬೊಮ್ಮು ಗೌಡನು ಎರಡೂ ಕೈ ಜೋಡಿಸಿ, ಅಂದರೆ ಎಡಗೈ ಮಣಿಕಟ್ಟು ಇನ್ನೂ ಪೂರ್ತಿ ಬಗ್ಗದ ಕಾರಣ ಜೋಡಿಸಿದಷ್ಟು ಜೋಡಿಸಿ, ಬಿನ್ನವಿಸಿಕೊಳ್ಳುವುದೇನೆಂದರೆ, ತಾವು ನನ್ನ ಮನೆ ಕೆಡಿಸಿದ್ದೀರಿ. ಇದನ್ನು ಇಂಗ್ಲಿಷಿನಲ್ಲೇ ಬರೆಯುವ ಮನಸ್ಸಿತ್ತು. ಕಾರವಾರದಲ್ಲಿ ಒಂದೂವರೆ ವರ್ಷ ಕಾಲೇಜಿಗೆ ಹೋಗಿದ್ದರಿಂದ ‘ಹ್ಯಾವಿಂಗ್ ಬೀನ್ ಗಿವನ್ ಟು ಅಂಡರ್‌ಸ್ಟ್ಯಾಂಡ್’ ಎಂಬಲ್ಲಿಯವರೆಗೆ ಗಟ್ಟಿ ನೆನಪಿದೆ, ಅದರ ಮುಂದೆ ಏನು ಬರುತ್ತದೆ ಎಂಬುದು ಮರೆತಿದೆ. ಕಾರ್ಟೂನಿನವನಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನನ್ನ ಅಕ್ಕ ಮಂಜಿ ಹಂಗಿಸುತ್ತಾಳೆ. ಜಪಾನಿನಲ್ಲಿ ಹುಟ್ಟಿ ಅಷ್ಟು ಸ್ವಚ್ಛ ಹಿಂದಿ ಮಾತಾಡುವವರಿಗೆ ಕನ್ನಡ ಓದುವುದು ಯಾವ ಮಹಾ ಕೆಲಸ ಎಂಬುದು ನನ್ನ ವಾದ.

ಮೊದಲು ತಮ್ಮ ಗುಣಗಾನ ಮಾಡಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ತಮ್ಮ ಧಾರಾವಾಹಿ ಶುರುವಾದಂದಿನಿಂದ ನಮ್ಮ ಕಪ್ಪು-ಬಿಳುಪು ಟೀವಿಯ ಮುಂದೆ ನಾನು ಒಂದು ವಾರವೂ ತಪ್ಪದೆ ಕೂತವನು. ಉಣ್ಣುವಾಗ ಮಾತಿಲ್ಲ, ಗೆದ್ದರೂ ನಗುವಿಲ್ಲ, ಮಲಗುವಾಗಲೂ ಶಿರಸ್ತ್ರಾಣ ತೆಗೆಯುವುದಿಲ್ಲ, ವಂಶದ ಕತ್ತಿಯನ್ನು ಹೆಣ್ಣಿನ ಕೈಗಂತೂ ಕೊಡುವುದೇ ಇಲ್ಲ. ಹೆಂಡತಿ ನಾಗಮ್ಮ ತೀರಿ ಆರು ವರ್ಷವಾದ ಮೇಲೆ ನನ್ನ ಮಾತನ್ನು ಒಪ್ಪುವ ಒಂದು ಜೀವ ಸಿಕ್ಕಿತೆಂದು, ತಮ್ಮನ್ನು ಬೆರಳು ಮಾಡಿ ತೋರಿಸಿ, ‘ನೋಡಿ, ಮನುಷ್ಯ ಹೀಗಿರಬೇಕು’ ಎಂದು ಮನೆಯವರಿಗೆ ಮೂವತ್ತು ವಾರ ಪಾಠ ಮಾಡಿದೆ. ತಮ್ಮನ್ನು ನೋಡುತ್ತ ಕೈಲಿದ್ದ ಚಹಾ ಆರಲು ಬಿಟ್ಟಿದ್ದೇನೆ, ಅದಕ್ಕಿಂತ ದೊಡ್ಡ ಭಕ್ತಿ ನನ್ನಲ್ಲಿ ಇಲ್ಲ.

ಈಗ ನನ್ನ ಸಂಗತಿ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದು, ಇನ್ನೊಂದು ಬಾಯಿಯನ್ನು ಎಡಗೈಯಿಂದ ಮುಚ್ಚುತ್ತ ತೆರೆಯುತ್ತ ಬಾರಿಸುವ ಗುಮಟೆಯೆಂಬ ವಾದ್ಯ ನಮ್ಮದು. ಹೋಳಿಯ ಹೊತ್ತಿಗೆ ನಮ್ಮ ಪಾಂಗು, ಅಂದರೆ ಹಾಡುವವರ ಮೇಳ, ಮನೆಮನೆಗೆ ಹೋಗಿ ಹಾಡುತ್ತದೆ, ಮುಂದಿನ ಗುಮಟೆ ಅಜ್ಜನ ಕಾಲದಿಂದ ನಮ್ಮ ಮನೆಯದು. ಅದನ್ನು ಹೆಂಗಸರು ಮುಟ್ಟಬಾರದೆಂಬುದೂ ಅಜ್ಜನದೇ ಕಟ್ಟಳೆ. ಈ ಮಾರ್ಚಿನಲ್ಲಿ ಗೇರುಹಣ್ಣು ಕೊಯ್ಯಲು ಮರ ಹತ್ತಿ, ನನ್ನ ವಯಸ್ಸು ಮರಕ್ಕೆ ಗೊತ್ತಿದ್ದು ನನಗೆ ಮರೆತಿದ್ದರಿಂದ, ಕೆಳಗೆ ಬಿದ್ದು ಎಡಗೈ ಮುರಿದುಕೊಂಡೆ. ಹೋಳಿಗೆ ಹತ್ತೇ ದಿನ. ಗುಮಟೆಯ ಗತ್ತು, ಅಂದರೆ ಪೆಟ್ಟುಗಳ ಲೆಕ್ಕ, ಪೂರ್ತಿ ಬರುವುದು ನನ್ನನ್ನು ಬಿಟ್ಟರೆ ಒಬ್ಬರಿಗೇ, ನನ್ನ ಮಗಳು ಮಾದೇವಿಗೆ. ಬಾವಿಕಟ್ಟೆಯ ಮೇಲೆ ಹಿತ್ತಾಳೆಯ ಕೊಡ ಬೋರಲು ಹಾಕಿ ಬಾರಿಸಿ ಬಾರಿಸಿ ಕಲಿತವಳು. ನಮ್ಮ ಮನೆಯಲ್ಲಿ ನೆಗ್ಗದ ಕೊಡ ಒಂದೂ ಇಲ್ಲ.

ಪಾಂಗಿನ ಸುಕ್ರು ಮತ್ತು ಇನ್ನೂ ನಾಲ್ವರು ಅಂಗಳಕ್ಕೆ ಬಂದು ಕೂತರು. ‘ಹುಲಿಯಣ್ಣ, ಕೂಸಿನ ಕೈಗೆ ಕೊಡು. ಇಲ್ದಿದ್ರೆ ಈ ವರ್ಷ ಪಾಂಗೇ ಹೊರಡೂದಿಲ್ಲ’ ಎಂದ ಸುಕ್ರು. ‘ಅಪ್ಪಾ, ಒಂದೇ ಸಲ ಕೊಡು. ಒಂದು ಪೆಟ್ಟು ತಪ್ಪಿದ್ರೆ ಮತ್ತೆ ಜನ್ಮದಲ್ಲಿ ಕೇಳೂದಿಲ್ಲ’ ಎಂದಳು ಮಾದೇವಿ. ಅವಳು ಹಾಗೆ ಯಾವುದನ್ನೂ ಕೇಳಿದವಳಲ್ಲ, ಅದು ನನಗೆ ಗೊತ್ತಿತ್ತು. ಆದರೂ ನಾನು, ತಮ್ಮ ಮೇಲಿನ ವಿಶ್ವಾಸದ ಒಂದೇ ಬಲದಿಂದ, ಗುಮಟೆಯ ಮೇಲೆ ಬಲಗೈ ಇಟ್ಟು ಐದು ಜನರೆದುರು ಆಣೆ ಮಾಡಿದೆ: ‘ಆ ಜಪಾನಿನವ ಕತ್ತಿ ಹೆಣ್ಣಿನ ಕೈಗೆ ಕೊಟ್ಟ ದಿನ ನಾನೂ ಗುಮಟೆ ಕೊಡ್ತೆ.’ ನಮ್ಮಲ್ಲಿ ಗುಮಟೆ ಮುಟ್ಟಿ ಆಡಿದ ಮಾತು ತಪ್ಪಿದವನು ಮತ್ತೆ ಅದನ್ನು ಬಾರಿಸುವಂತಿಲ್ಲ. ಕಾಲೇಜಿನಲ್ಲಿ ಓದಿದ ತರ್ಕಶಾಸ್ತ್ರದ ಪ್ರಕಾರ ಅದು ಎಲ್ಲ ಕಡೆಯಿಂದ ಭದ್ರವಾದ ಆಣೆಯಾಗಿತ್ತು.

ಅದಾಗಿ ಮೂರನೆಯ ದಿನಕ್ಕೆ ಭಾನುವಾರ ಬಂತು.

ಮಹಾಶಯರೇ, ತಮಗೆ ಏನಾಗಿತ್ತು? ಇಪ್ಪತ್ತಾರನೆಯ ವಾರದಲ್ಲಿ ತಾವು ಶತ್ರುವಿನ ಮನೆಯಲ್ಲಿ ಚಹಾ ಕುಡಿದಾಗಲೇ ನಾನು ಎಚ್ಚರಾಗಬೇಕಿತ್ತು. ಇಪ್ಪತ್ತೊಂಬತ್ತರಲ್ಲಿ ತಮ್ಮ ತುಟಿಯ ಎಡಮೂಲೆ ಅಲುಗಿತು. ಅದು ಆಂಟೆನಾದ ದೋಷವೆಂದು ತಿಳಿದು ಮಾಡು ಹತ್ತಿ ತಿರುಗಿಸಿ ಬಂದೆ. ಆದರೆ ಮೂವತ್ತೊಂದನೆಯ ವಾರ, ನನ್ನ ಅಂಗಳದಿಂದ ಕಿಟಕಿಯವರೆಗೆ ಅರ್ಧ ಕೇರಿಯೇ ನೆರೆದಿರುವಾಗ (ಸುಕ್ರು ಎಲ್ಲರಿಗೂ ಹೇಳಿ ಕರೆತಂದಿದ್ದ), ತಾವು ಶಿರಸ್ತ್ರಾಣ ಕಳಚಿ, ಕುಂಬಾರನ ಮಗಳೆದುರು ಮೊಣಕಾಲೂರಿ, ‘ಕಾಯುವುದನ್ನೇ ಕಲಿತೆ, ಕೊಡುವುದನ್ನು ಯಾರೂ ಕಲಿಸಲಿಲ್ಲ’ ಎಂದು ಹೇಳಿ ಕತ್ತಿಯನ್ನು ಅವಳ ಕೈಗಿಟ್ಟಿರಿ. ಕೇರಿಯವರು ಯಾರೂ ಆಮೇಲೆ ಟೀವಿ ನೋಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ಎಂತ ತಮ್ಮಾ, ಚಹಾ ಆರ್ತದೆ ನೋಡು’ ಎಂದಳು ಮಂಜಕ್ಕ.

ಕೊಟ್ಟೆ. ಕೊಡದೆ ಏನು ಮಾಡಲಿ?

ಹೋಳಿಯ ಆ ಐದು ದಿನ ಮಾದೇವಿ ಮುಂದೆ, ಅಕ್ಕಿಯ ಚೀಲ ಹೊತ್ತು ನಾನು ಹಿಂದೆ. ಪ್ರತಿ ಮನೆಯಲ್ಲೂ ಇನ್ನೊಂದು ಹಾಡು ಎಂದು ಕೂರಿಸಿದರು. ಅವಳ ಬಲಗೈಗೆ ನನಗಿಲ್ಲದ ಒಂದು ಹಗುರವಿದೆ. ಹಿಂದೆ ನಾನು ಜಗಲಿಯಲ್ಲಿ ಅಭ್ಯಾಸ ಮಾಡುತ್ತ ಗತ್ತು ತಪ್ಪಿದಾಗಲೆಲ್ಲ ನಾಗಮ್ಮ ಒಳಗಿನಿಂದ ಒಮ್ಮೆ ಕೆಮ್ಮುತ್ತಿದ್ದಳು. ಅದು ಹೊಗೆಯ ಕೆಮ್ಮೆಂದು ಇಪ್ಪತ್ತೆರಡು ವರ್ಷ ತಿಳಿದಿದ್ದೆ. ಮಗಳ ಹಿಂದೆ ಚೀಲ ಹೊತ್ತು ನಡೆಯುವಾಗ ಅದೇ ತಪ್ಪುವ ಜಾಗ ಬಂತು. ಮಗಳು ತಪ್ಪಲಿಲ್ಲ. ಆಗ ನನಗೆ ಆ ಕೆಮ್ಮಿನ ಅರ್ಥವಾಯಿತು, ಗತ್ತು ನಾಗಮ್ಮನಿಗೂ ಬರುತ್ತಿತ್ತು. ಇದು ತಮ್ಮ ಮೇಲಿನ ಆರೋಪಗಳಲ್ಲಿ ಅತಿ ದೊಡ್ಡದು, ತಾವು ನಾಗಮ್ಮ ಇರುವಾಗಲೇ ಬರಬಹುದಿತ್ತು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ಸುಕ್ರು ಓಡಿಬಂದು, ‘ಹುಲಿಯಣ್ಣ, ಅವಸರ ಬೇಡ, ಕೈಗೆ ಇನ್ನೊಂದು ಎರಡು ವರ್ಷ ವಿಶ್ರಾಂತಿ ಕೊಡು’ ಎಂದು ನನ್ನ ಆರೋಗ್ಯ ವಿಚಾರಿಸಿದ. ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ. ತಾವು ಹಡಗು ಹತ್ತಿ ಬೇಲೆಕೇರಿಯಲ್ಲಿಳಿದು ನಮ್ಮ ಕೇರಿಯವರೆದುರು ಆ ಕತ್ತಿಯನ್ನು ವಾಪಸು ತೆಗೆದುಕೊಳ್ಳಬೇಕು. ಅದು ಆಗದಿದ್ದರೆ ಆ ವಾರದವರೆಗಿನ ಮೂವತ್ತೊಂದೂ ಕಂತುಗಳನ್ನು ಹಿಂದಿನಿಂದ ಮುಂದಕ್ಕೆ ಮರುಪ್ರಸಾರ ಮಾಡಿಸಬೇಕು. ಕತ್ತಿ ತಂತಾನೇ ತಮ್ಮ ಕೈಗೆ ಮರಳಿ, ಕುಡಿದ ಚಹಾ ಬಟ್ಟಲಿಗೆ ಹೋಗಿ, ಶಿರಸ್ತ್ರಾಣ ತಲೆಗೇರಿ, ನನ್ನ ಮನೆಯೂ ಸರಿಹೋದೀತು. ಅದೂ ಆಗದಿದ್ದರೆ, ಮಾದೇವಿಗೆ ಹೊಸ ಗುಮಟೆಯೊಂದನ್ನು ಮಾಡಿಸಬೇಕಾಗಿದೆ, ನನ್ನದು ಅವಳ ತೋಳಿಗೆ ತುಸು ದೊಡ್ಡ. ಕುಂಬಾರರ ಪರಿಚಯ ತಮಗೇ ಚೆನ್ನಾಗಿರುವುದರಿಂದ ಒಳ್ಳೆಯ ಮಡಕೆಯೊಂದನ್ನು ಆರಿಸಿ ಕಳಿಸಿಕೊಡಬೇಕು.

ತಮ್ಮನ್ನು ಇನ್ನೆಂದೂ ನಂಬದಿದ್ದರೂ ಪ್ರತಿ ಭಾನುವಾರ ತಪ್ಪದೆ ನೋಡುವ,

ತಮ್ಮ ವಿಶ್ವಾಸಿ,
ಹುಲಿಯಾ ಬೊಮ್ಮು ಗೌಡ
ಅಗಸೂರು, ೨೮ ಏಪ್ರಿಲ್ ೧೯೯೪

ತಾ.ಕ.: ಮುಂದಿನ ವಾರದ ತುಣುಕಿನಲ್ಲಿ ತಾವು ಸೊಂಟಕ್ಕೆ ಬಟ್ಟೆ ಕಟ್ಟಿ ಮೀನು ಕೊಯ್ಯುತ್ತಿರುವುದನ್ನು ತೋರಿಸಿದರು. ದಯಮಾಡಿ ಆ ದೃಶ್ಯವನ್ನು ಕೂಡಲೇ ತೆಗೆಸಬೇಕು. ಮಂಜಕ್ಕ ಆಗಲೇ ಈಳಿಗೆಮಣೆಯನ್ನು ಟೀವಿಯ ಪಕ್ಕಕ್ಕೆ ತಂದಿಟ್ಟು, ನನಗೆ ಕೂರಲು ಅನುಕೂಲವಾಗಲೆಂದು ನೆಲವನ್ನೂ ಒರೆಸಿದ್ದಾಳೆ.