ಕತ್ತು ಮುರಿದ ಎಣ್ಣೆ ಸೀಸೆ

"ಒಡೆದದ್ದನ್ನ ಕೂಡಿಸೋಕೆ ಬಾರದವನು ಗಾಜಿನವನೇ ಅಲ್ಲ!"

ಬೆಳಿಗ್ಗೆ ಹಲ್ಲುಜ್ಜುತ್ತಲೇ ಊದಪ್ಪ ಈ ಮಹಾಘೋಷಣೆ ಮಾಡಿದ. ಬಾಯ್ತುಂಬ ನೊರೆಯಿದ್ದುದರಿಂದ ಅರ್ಧ ಘೋಷಣೆ ಬಚ್ಚಲಿಗೆ ಹೋಯಿತು, ಉಳಿದರ್ಧ ಹೆಂಡತಿಯ ಕಿವಿಗೆ ಬಿತ್ತು.

ಊದಪ್ಪ ಎಂಬುದು ಬೀದಿಯವರಿಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ಹಿತ್ತಲ ಚಪ್ಪರದಡಿ ಕುಲುಮೆ. ಉದ್ದನೆಯ ಕೊಳವೆಯ ತುದಿಗೆ ಕರಗಿದ ಗಾಜನ್ನು ಸುತ್ತಿಕೊಂಡು, ಕೆನ್ನೆಯುಬ್ಬಿಸಿ ಊದಿ, ಹೂಜಿ, ಲೋಟ, ದೀಪದ ಬುರುಡೆ ಮಾಡುವುದು ಅವನ ಕಸುಬು. ಗಾಜು ಊದುತ್ತಾನೆಂದು ಆ ಹೆಸರು ಬಂತೋ, ತನ್ನ ತುತ್ತೂರಿ ತಾನೇ ಊದಿಕೊಳ್ಳುತ್ತಾನೆಂದು ಬಂತೋ ಎಂಬ ವಿಷಯದಲ್ಲಿ ಬೀದಿಯಲ್ಲಿ ಎರಡು ಪಂಗಡಗಳಿದ್ದವು. ಹೆಂಡತಿ ಎರಡನೆಯ ಪಂಗಡಕ್ಕೆ ಸೇರಿದವಳು.

ಅಂಗಡಿಯ ಬಾಗಿಲಿಗೆ 'ಒಡೆದ ಗಾಜು ರಿಪೇರಿ ಮಾಡುವುದಿಲ್ಲ, ದಯವಿಟ್ಟು ಕೇಳಬೇಡಿ' ಎಂಬ ಹಲಗೆ ನೇತುಹಾಕಿದವಳೂ ಅವಳೇ.

"ಆ ಹಲಗೆ ಇವತ್ತು ಇಳಿಸ್ತೀನಿ!" ಎಂದ ಊದಪ್ಪ, ಬಾಯಿ ಒರೆಸಿಕೊಳ್ಳುತ್ತ.

"ಇಳಿಸಿ. ಒಲೆಗೆ ಸೌದೆಯಾಗುತ್ತೆ. ಆದ್ರೆ ರೀ, ನೀವು ಊದಿದ ಗಾಜಾದ್ರೆ ಅದರ ಹುಟ್ಟುಗುಣ ನಿಮಗೆ ಗೊತ್ತು. ಯಾರೋ ಎಲ್ಲೋ ಊದಿದ್ದು, ಬೆಂಕಿ ಕಂಡ ಕೂಡ್ಲೇ ಯಾವ ಕಡೆ ಸೀಳುತ್ತೋ ಯಾರಿಗ್ಗೊತ್ತು? ನಿಮ್ಮದು ಒಡೆದ್ರೆ ಇನ್ನೊಂದು ಊದ್ತೀರಿ. ಅವರದ್ದು ಒಡೆದ್ರೆ ಏನು ಊದ್ತೀರಿ? ಪೀಪಿನಾ?"

ಊದಪ್ಪ ನೆಟ್ಟಗೆ ಹಿತ್ತಲ ಕುಲುಮೆಯ ಕಡೆ ಹೊರಟ. ದೊಡ್ಡ ಸಂಕಲ್ಪ ಮಾಡಿದವರು ಸಣ್ಣ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತ ಕೂರುವುದಿಲ್ಲ ನೋಡಿ!

ಈ ಸಂಕಲ್ಪಕ್ಕೆ ಕಾರಣ ಹಿಂದಿನ ಸಂಜೆ ಬಂದಿದ್ದ ಗಡಿಯಾರದಜ್ಜ. ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿಯ ಗೂಡಂಗಡಿ ಇಟ್ಟುಕೊಂಡಿರುವ ಮುದುಕ. ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಟವೆಲಿನಲ್ಲಿ ಸುತ್ತಿ ತಂದದ್ದನ್ನು ಎಳೆಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟು ಬಿಚ್ಚಿದ. ಅಂಗೈಯಗಲದ ಹಸಿರು ಗಾಜಿನ ಸೀಸೆ, ಜತೆಗೆ ಅದರ ಗಾಜಿನ ಬಿರಡೆ. ಕತ್ತಿನ ಬಳಿ ಒಂದು ಚೂರು ಹಾರಿಹೋಗಿತ್ತು. ತಳದಲ್ಲಿ ಕಂದು ಬಣ್ಣದ ಎಣ್ಣೆಯ ಕಲೆ.

"ಅವಳ ತಲೆ ಎಣ್ಣೆ ಸೀಸೆ ಕಣಪ್ಪ. ಎಣ್ಣೆ ಅವಳೇ ಕಾಯಿಸ್ತಿದ್ಲು. ಏನೇನು ಹಾಕ್ತಿದ್ಲೋ, ನಾನು ಒಂದಿನಾನೂ ಕೇಳ್ಲಿಲ್ಲ. ಈಗ ಬೆಳಿಗ್ಗೆ ಎದ್ದು ಬಿರಡೆ ತೆಗೆದು ಒಂದ್ಸಲ ಮೂಸ್ತೀನಿ. ಅಷ್ಟೇ. ಆಮೇಲೆ ಹೋಗಿ ಅಂಗಡಿ ತೆಗೀತೀನಿ. ಮೊನ್ನೆ ನನ್ನ ಮೊಣಕೈ ತಗುಲಿ ಬಿತ್ತು. ಈಗ ಬಿರಡೆ ಕೂರ್ತಾ ಇಲ್ಲ. ವಾಸನೆ ದಿನಾ ಸ್ವಲ್ಪ ಸ್ವಲ್ಪ ಸೋರಿಹೋಗ್ತಿದೆ."

"ಬೇರೆ ಸೀಸೆಗೆ ಹುಯ್ಕೊಳ್ಳಿ ಅಜ್ಜಾ," ಎಂದಳು ಊದಪ್ಪನ ಹೆಂಡತಿ.

"ಹುಯ್ಯೋಕೆ ಏನಿದೆ ತಾಯೀ? ತಳಕ್ಕೆ ಅಂಟಿರೋದಷ್ಟೇ."

ಅವಳು ಮೆಲ್ಲಗೆ ಬಾಗಿಲ ಹಲಗೆಯ ಕಡೆ ಕೈ ತೋರಿಸಿದಳು. ಅಜ್ಜ ಕನ್ನಡಕ ಸರಿಮಾಡಿಕೊಂಡು ಹಲಗೆಯನ್ನು ನಿಧಾನವಾಗಿ ಓದಿದ. ಓದಿ ಊದಪ್ಪನ ಮುಖ ನೋಡಿದ.

"ಒಡೆದ ಗಡಿಯಾರ ತಂದವರಿಗೆ ಹೊಸದು ತಗೊಳ್ಳಿ ಅಂತ ನಾನು ಈ ಜನ್ಮದಲ್ಲಿ ಹೇಳಿಲ್ಲ. ನೀನು ಬೋರ್ಡು ಬರೆಸಿ ಹಾಕಿದ್ದೀಯ. ಇರ್ಲಿ ಬಿಡು. ಎಲ್ಲರ ಕೈಯಲ್ಲೂ ಎಲ್ಲಾ ಆಗಲ್ಲ."

ಬೈದಿದ್ದರೆ ಊದಪ್ಪ ಸಹಿಸುತ್ತಿದ್ದ. 'ಇರ್ಲಿ ಬಿಡು' ಎಂದದ್ದು ಮಾತ್ರ ನೇರ ಮರ್ಮಕ್ಕೆ ನಾಟಿತು. ಸೀಸೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಅಜ್ಜಾ, ಇದು ನನ್ನ ಜವಾಬ್ದಾರಿ! ಕತ್ತು ಕೂಡಿಸಿ, ಬಿರಡೆ ಕೂರಿಸಿ ಕೊಡ್ತೀನಿ!" ಎಂದುಬಿಟ್ಟ.

"ಒಳಗಿರೋದು ಹಾಗೇ ಇರ್ಬೇಕು ಕಣಪ್ಪ. ಕತ್ತು ಮಾತ್ರ."

"ಒಳಗಿನ ಧೂಳೂ ಅಲುಗಲ್ಲ!"

ಹೀಗೆ ಮಾತು ಕೊಟ್ಟು, ರಾತ್ರಿಯಿಡೀ ಅದನ್ನೇ ಮೆಲುಕು ಹಾಕಿ, ಬೆಳಿಗ್ಗೆ ಬಚ್ಚಲಲ್ಲಿ ನಮ್ಮ ವೀರ ಹೊರಡಿಸಿದ್ದೇ ಆ ಘೋಷಣೆ.

ಹೆಂಡತಿ ಚಪ್ಪರದ ಕಂಬಕ್ಕೆ ಒರಗಿ ನಿಂತಳು. "ಎಣ್ಣೆ ಒಳಗಿಟ್ಟುಕೊಂಡು ಬೆಂಕಿಗೆ ಹಿಡಿದ್ರೆ ಸುಟ್ಟು ಕರಕಲಾಗುತ್ತೆ. ಬೆಂಕಿ ತಾಗದೆ ಕತ್ತು ಕೂಡಲ್ಲ. ಇಷ್ಟು ನಂಗೇ ಗೊತ್ತು. ಒಂದು ಮೇಣದ ಬಿರಡೆ ಮಾಡಿ ಒತ್ತಿಕೊಡಿ, ಮುಗೀತು."

"ಮೇಣ!" ಊದಪ್ಪ ಬೆಂಕಿ ಮುಟ್ಟಿದವನಂತೆ ಹಾರಿದ. "ಕುಲುಮೆ ಇಟ್ಟುಕೊಂಡಿರೋ ಮನುಷ್ಯ ಮೇಣ ಮೆತ್ತಬೇಕಾ? ಕೇಳು ಇಲ್ಲಿ. ಸೀಸೆ ಹೊಟ್ಟೆಗೆ ಒದ್ದೆ ಬಟ್ಟೆ ಸುತ್ತೋದು. ಕತ್ತು ಮಾತ್ರ ಉರಿಗೆ ಹಿಡಿಯೋದು. ತಳಕ್ಕೆ ಬಿಸಿ ಮುಟ್ಟೋದೇ ಇಲ್ಲ. ಇದಕ್ಕೆ ಕೈ ಬೇಕು, ಕೈ! ನಮ್ಮ ಗುರುಗಳು ಏನು ಹೇಳ್ತಿದ್ರು ಗೊತ್ತಾ? ನಿಜವಾದ ಗಾಜಿನವನ ತಲೆ ಮರೆತರೂ ಕೈ ಮರೆಯಲ್ಲ ಅಂತಿದ್ರು. ಈ ಕೈ ನೋಡು, ಈ ಕೈಗೆ..."

ಈ ಭಾಷಣ ನಡೆಯುತ್ತಿದ್ದಾಗ ಆ ಕೈಗಳು ಏನು ಮಾಡುತ್ತಿದ್ದವೆಂದು ಊದಪ್ಪ ನೋಡಿಕೊಳ್ಳಲಿಲ್ಲ. ಅವನ ಗುರುಗಳು ಇನ್ನೊಂದು ಪಾಠವನ್ನೂ ಕಲಿಸಿದ್ದರು. ಉರಿಗೆ ಹಿಡಿಯುವ ಗಾಜು ಯಾವುದೇ ಇರಲಿ, ಮೊದಲು ಅದಕ್ಕೆ ಸ್ನಾನವಾಗಬೇಕು. ಜಿಡ್ಡೋ ಧೂಳೋ ಉಳಿದರೆ ಸುಟ್ಟು ಗಾಜಿನೊಳಗೇ ಕಪ್ಪಾಗಿ ಕೂತುಬಿಡುತ್ತದೆ. ಹಾಗಾಗಿ ಕುಲುಮೆಯ ಪಕ್ಕದಲ್ಲಿ ಸೋಡಾಪುಡಿ ಕದಡಿದ ಬಿಸಿನೀರಿನ ತೊಟ್ಟಿ ಸದಾ ಸಿದ್ಧ. ಆ ಮರೆಯದ ಕೈಗಳು ಅಭ್ಯಾಸಬಲದಿಂದ ಸೀಸೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಬ್ರಷ್ಷು ತೂರಿಸಿ, ಗರಗರ ತಿರುಗಿಸಿ, ತಣ್ಣೀರಲ್ಲಿ ಜಾಲಾಡಿ, ಬಿಸಿಲಿಗೆ ಎತ್ತಿ ಹಿಡಿದವು. ಸೀಸೆ ಫಳಫಳ ಹೊಳೆಯಿತು!

"ರೀ!" ಎಂದು ಹೆಂಡತಿ ಚೀರಿದಳು.

ಊದಪ್ಪ ಭಾಷಣ ನಿಲ್ಲಿಸಿ ಕೈ ನೋಡಿಕೊಂಡ. ಸೀಸೆಗೆ ಮೂಗು ಹಚ್ಚಿ ಉಸಿರೆಳೆದ.

"ಏನು ವಾಸನೆ?" ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು.

"ಸೋಡಾ..."

ಮುಂದೆ ಅವನು ಮಾಡಿದ್ದನ್ನು ಹೇಳಲೂ ನಾಚಿಕೆ. ತೊಟ್ಟಿಯ ನೀರು ಹರಿದುಹೋಗುವ ಮೋರಿಯ ಮುಂದೆ ಮೊಣಕಾಲೂರಿ, ಮೂಗು ನೆಲಕ್ಕೆ ತಾಗಿಸಿ ಮೂಸಿದ. ಮೋರಿ ಮೋರಿಯಂತೆಯೇ ನಾರುತ್ತಿತ್ತು. ಒಬ್ಬ ಹೆಂಗಸಿನ ಕೊನೆಯ ಗುರುತು, ಒಬ್ಬ ಮುದುಕನ ಬೆಳಗು, ಕುಲುಮೆಯ ಬೂದಿ ನೀರಿನ ಜತೆ ಸೇರಿ ಬೀದಿ ಚರಂಡಿಗೆ ಹೋಗಿಯಾಗಿತ್ತು. ಊದಪ್ಪನಿಗೆ ನಿಜಕ್ಕೂ ಅಳು ಬಂತು.

ಅಟ್ಟ ಮೇಲೆ ಒಲೆ ಉರಿಯಿತೆಂಬ ಗಾದೆ ಅವತ್ತು ಅಕ್ಷರಶಃ ನಡೆಯಿತು. ಇನ್ನು ಉಳಿಸಲು ಏನೂ ಇಲ್ಲವೆಂದಾದ ಮೇಲೆ ಕೆಲಸ ಹೂವೆತ್ತಿದಂತೆ ಸಾಗಿತು. ಬೇರೆ ಕಡೆ ಹುಟ್ಟಿದ ಗಾಜು ಹೊಸ ಗಾಜಿನ ಜತೆ ಸುಲಭಕ್ಕೆ ಕೂಡುವುದಿಲ್ಲ. ಉರಿಯಲ್ಲಿ ಒಂದಾದಂತೆ ನಟಿಸಿ, ಆರುವಾಗ ಅತ್ತೆ ಸೊಸೆಯರಂತೆ ಸಿಡಿದು ಬೇರೆಯಾಗುತ್ತದೆ. ಈ ಹಾಳು ಸೀಸೆ ಕೂಡಿತು! ಬಿಸಿ ಗೂಡಿನಲ್ಲಿಟ್ಟು ಎರಡು ದಿನ ನಿಧಾನಕ್ಕೆ ಆರಿಸಿ ತೆಗೆದರೆ ಒಂದು ಬಿರುಕಿಲ್ಲ. ಬಿರಡೆಯನ್ನು ಮರಳಿನ ಹುಡಿಯಲ್ಲಿ ಉಜ್ಜಿ ಕೂರಿಸಿದ. ಗಾಳಿ ಕೂಡ ಅಪ್ಪಣೆ ಕೇಳಿ ಹೊರಬರಬೇಕು, ಅಷ್ಟು ಬಿಗಿ. ಜೀವಮಾನದಲ್ಲೇ ಅವನು ಮಾಡಿದ ಅತ್ಯುತ್ತಮ ಕೆಲಸ. ಯಾರಿಗೂ ತೋರಿಸುವಂತಿರಲಿಲ್ಲ.

"ಹೋಗಿ ನಿಜ ಹೇಳಿ," ಎಂದಳು ಹೆಂಡತಿ.

"ಹೇಳ್ತೀನಿ ಕಣೇ."

"ಇವತ್ತೇ ಹೇಳಿ. ತಪ್ಪು ಹಳೇದಾದಷ್ಟೂ ಬಾಯಿಗೆ ಬರಲ್ಲ."

ಹೇಳಲೆಂದೇ ಹೋದ. ಹತ್ತು ಗಂಟೆಯಾದರೂ ಅಜ್ಜನ ಗೂಡಂಗಡಿಯ ಬಾಗಿಲು ಅರ್ಧವಷ್ಟೇ ತೆರೆದಿತ್ತು. ಗೋಡೆಯ ತುಂಬ ಗಡಿಯಾರಗಳು ಒಂದೊಂದು ಹೊತ್ತು ತೋರಿಸುತ್ತ ಟಿಕ್‌ಟಿಕ್ ಎನ್ನುತ್ತಿದ್ದವು. ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸುಮ್ಮನೆ ಕೂತಿದ್ದ. ಮುಂದೆ ಗಡಿಯಾರವೇ ಇರಲಿಲ್ಲ.

"ಬಾರಪ್ಪಾ! ಆಯ್ತಾ? ಸೀಸೆ ನಿನ್ನ ಕೈಗೆ ಕೊಟ್ಟಾಗ್ನಿಂದ ಬೆಳಿಗ್ಗೆ ಎದ್ರೆ ಮುಂದೇನು ಅಂತ್ಲೇ ಗೊತ್ತಾಗ್ತಿಲ್ಲ. ಹಾಸಿಗೆ ಮೇಲೇ ಕೂತ್ಬಿಡ್ತೀನಿ."

ಊದಪ್ಪ ನಿಜ ಹೇಳಲೆಂದು ಬಾಯಿ ತೆರೆದ. ಕೊನೆಗೆ ಹೊರಬಂದದ್ದು ಬೇರೆಯೇ ಮಾತು.

"ಅಜ್ಜಾ, ಆ ವಾಸನೆ... ಹೇಗಿತ್ತು? ಅಂದ್ರೆ, ಹೇಗಿದೆ? ಸುಮ್ನೆ ಕೇಳ್ದೆ."

"ಅದನ್ನ ಹೇಗಪ್ಪಾ ಹೇಳೋದು? ಮೆಂತ್ಯ ಇರ್ಬೇಕು. ಏನೋ ಬೇರು. ಜತೆಗೆ ಒಂಚೂರು ಸೀದ ಹಾಗೆ. ಯಾಕೆ, ನೀನೂ ಮೂಸಿರ್ತೀಯಲ್ಲ?"

"ಮೂಸ್ದೆ, ಮೂಸ್ದೆ! ಹಾಗೇ ಇದೆ!"

ಒಂದು ಸುಳ್ಳನ್ನು ಮುಚ್ಚಲು ಹತ್ತು ಸುಳ್ಳು ಬೇಕು ಅನ್ನುತ್ತಾರೆ. ಊದಪ್ಪನಿಗೆ ಹತ್ತು ಎಣ್ಣೆ ಬೇಕಾದವು! ಹೆಂಡತಿ ಹೊರಗೆ ಹೋದಾಗಲೆಲ್ಲ ಅಡುಗೆಮನೆಗೆ ನುಗ್ಗಿದ. ಕಂಡ ಅಂಗಡಿಯ ಕಂಡ ಎಣ್ಣೆ ತಂದು, ಮೆಂತ್ಯ ಹಾಕಿ, ಹೆಸರು ಗೊತ್ತಿಲ್ಲದ ಬೇರು ಹಾಕಿ ಕುದಿಸಿದ. ಒಂದು ಪಾಕ ಕೆಮ್ಮಿನ ಔಷಧಿಯಂತೆ ನಾರಿತು. ಇನ್ನೊಂದು ಬಾಗಿಲಿಗೆ ಬಳಿಯುವ ಬಣ್ಣದಂತೆ. ಮೂರನೆಯದಕ್ಕೆ ಪಕ್ಕದ ಮನೆಯವರು ಏನೋ ಸತ್ತಿದೆಯೆಂದು ಚಾವಣಿ ಹತ್ತಿ ಹುಡುಕಿದರು!

"ಏನ್ರೀ ಇದು ನಾತ?"

"ಕುಲುಮೆಗೆ ಹೊಸ ಎಣ್ಣೆ ಕಣೇ."

"ಅಜ್ಜನಿಗೆ ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಏನಂತಾರೆ ಪಾಪ... ಇರ್ಲಿ ಬಿಡು ಅಂದ್ರು."

ಸೋತು ಸುಣ್ಣವಾಗಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾಗ ಕಿಟಕಿಯಲ್ಲಿದ್ದ ಹೆಂಡತಿಯ ಎಣ್ಣೆ ಗಿಂಡಿ ಕಣ್ಣಿಗೆ ಬಿತ್ತು. ಅವಳೂ ಮೆಂತ್ಯ ಹಾಕಿಯೇ ಎಣ್ಣೆ ಕಾಯಿಸುವವಳು. ಒಲೆಯ ಮೇಲೆ ಎಣ್ಣೆಯಿಟ್ಟು ಗಂಡನನ್ನು ಬೈಯಲು ಹಿತ್ತಲಿಗೆ ಬರುವುದು, ಬೈದು ಮುಗಿಸಿ ಹೋಗುವಷ್ಟರಲ್ಲಿ ಎಣ್ಣೆ ಒಂಚೂರು ಸೀಯುವುದು, ಪ್ರತಿಸಲವೂ ಇದೇ ಕತೆ. ಊದಪ್ಪ ಮೂಸಿದ. ಮೆಂತ್ಯ! ಸೀದ ವಾಸನೆ! ಅವನಿಗೆ ಕುಣಿಯುವಂತಾಯಿತು. ನಾಲ್ಕು ಹನಿ ಸೀಸೆಗಿಳಿಸಿ, ತಿರುಗಿಸಿ, ಬಗ್ಗಿಸಿ, ಬಿಸಿಲಲ್ಲಿಟ್ಟು ತಳಕ್ಕೆ ಕಂದು ಕಲೆ ಹಿಡಿಸಿದ. ಬಿರಡೆ ಒತ್ತಿದ. ಬ್ರಹ್ಮನಿಗೂ ಗೊತ್ತಾಗುವುದಿಲ್ಲವೆಂದು ಎದೆ ತಟ್ಟಿಕೊಂಡ.

ಮರುದಿನ ಅಜ್ಜ ಬಂದ. ಒಗೆದ ಅಂಗಿ ಹಾಕಿ, ತಲೆ ಬಾಚಿಕೊಂಡು ಬಂದಿದ್ದ. ಮೇಜಿನ ಮುಂದೆ ಕೂತು ಮೊದಲು ಕತ್ತಿನ ಮೇಲೆ ಬೆರಳಾಡಿಸಿದ.

"ಎಲ್ಲಿ ಒಡೆದಿತ್ತು ಅಂತ್ಲೇ ಗೊತ್ತಾಗ್ತಿಲ್ಲ ಕಣಪ್ಪ! ಭೇಷ್!"

ಬಿರಡೆ ತೆಗೆದು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಅಜ್ಜನ ಮುಖ ಒಂದು ಕ್ಷಣ ಅರಳಿತು. ಹುಬ್ಬು ಗಂಟಾಯಿತು. ಇನ್ನೊಮ್ಮೆ ಮೂಸಿದ. ಯಾರೋ ಹೆಸರು ಹಿಡಿದು ಕರೆದು, ತಿರುಗಿ ನೋಡಿದರೆ ಗುರುತಿಲ್ಲದವರು ನಿಂತಿದ್ದರೆ ಹೇಗಾಗುತ್ತದೋ ಹಾಗಿತ್ತು ಆ ಮುಖ.

ಅಷ್ಟರಲ್ಲಿ ಹೆಂಡತಿ ಚಹಾ ತಂದಳು. ಗಂಡ ಎಲ್ಲ ಹೇಳಿದ್ದಾನೆಂದೇ ನಂಬಿದವಳು, "ಮನಸ್ಸಿಗೆ ಹಚ್ಕೋಬೇಡಿ ಅಜ್ಜಾ," ಎನ್ನುತ್ತ ಲೋಟವಿಡಲು ಬಗ್ಗಿದಳು. ಆಗಷ್ಟೇ ಎಣ್ಣೆ ಹಚ್ಚಿ ಬಾಚಿದ ತಲೆ ಅಜ್ಜನ ಮೂಗಿನ ಹತ್ತಿರವೇ ಬಂತು.

ಅಜ್ಜ ಕಣ್ಣು ತೆರೆದ. ಅವಳ ತಲೆ ನೋಡಿದ. ಸೀಸೆ ನೋಡಿದ. ಆಮೇಲೆ ಊದಪ್ಪನನ್ನು ನೋಡಿದ.

"ತೊಳೆದ್ಬಿಟ್ಯಾ?"

"ಹೂಂ ಅಜ್ಜಾ."

"ಪೂರ್ತಿ?"

"ಪೂರ್ತಿ."

ಅಜ್ಜನ ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಸೇರಿತು, ಒರೆಸಿಕೊಳ್ಳಲೂ ಇಲ್ಲ. ಊದಪ್ಪ ಭೂಮಿ ಬಾಯಿ ಬಿಟ್ಟರೆ ಸಾಕೆಂದು ನಿಂತಿದ್ದ. ಹೆಂಡತಿ ಒಮ್ಮೆ ಗಂಡನನ್ನು, ಒಮ್ಮೆ ಅಜ್ಜನನ್ನು ನೋಡುತ್ತ, ಕೈಯಲ್ಲಿ ಖಾಲಿ ತಟ್ಟೆ ಹಿಡಿದು ನಿಂತಳು. ಅಜ್ಜ ಬಿರಡೆಯನ್ನು ಜಾಗಕ್ಕೆ ಒತ್ತಿ, ಸೀಸೆಯನ್ನು ಮೇಜಿನ ಮೇಲೆ ಊದಪ್ಪನ ಕಡೆಗೆ ಸರಿಸಿದ.

"ಇದರಲ್ಲಿ ಅವಳಿಲ್ಲ. ನಾನು ತಗೊಂಡು ಹೋಗಿ ಏನ್ಮಾಡ್ಲಿ? ನೀನೇ ಇಟ್ಕೋ. ಬಿರಡೆ ಚೆನ್ನಾಗಿ ಕೂರಿಸಿದ್ದೀಯ, ವಾಸನೆ ಹೋಗಲ್ಲ. ಮುಂದೆ ನಿನಗೆ ಬೇಕಾಗುತ್ತೆ."

ಚಹಾ ಮುಟ್ಟದೆ, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಬೀದಿಯ ಮೂಲೆಗೆ ಹೋದವನು ಅಂಗಡಿಯ ಕಡೆ ತಿರುಗಲಿಲ್ಲ, ಮನೆಯ ಕಡೆ ನಡೆದ.

"ಏನ್ರೀ ಅದರೊಳಗೆ?" ಹೆಂಡತಿ ಸೀಸೆಯತ್ತ ಬೆರಳು ತೋರಿಸಿದಳು.

"ನಿನ್ನ ಗಿಂಡಿ ಎಣ್ಣೆ."

ಅವಳಿಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಊದಪ್ಪ ಸೀಸೆಯನ್ನು ಎತ್ತಿಕೊಂಡು, ಬಿರಡೆ ಭದ್ರವಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿದ. ಸಾಲದೆನಿಸಿ ಅಂಗೈಯಿಂದ ಒತ್ತಿದ. ಮತ್ತೂ ಒತ್ತಿದ.

"ಅಷ್ಟು ಗಟ್ಟಿಯಾಗಿ ಒತ್ತಬೇಡ್ರೀ," ಎಂದಳು ಹೆಂಡತಿ. "ನಾನಿನ್ನೂ ಬದುಕಿದ್ದೀನಿ!"