ಸಂತೆಯಲ್ಲಿ ಮಾತಾಡಿಸದವರು

ಆ ದಿನ ಬೆಳಿಗ್ಗೆ ಎಂದಿನ ಹಾಗೆ ರೊಟ್ಟಿ ಬಡಿದೆ, ನಮ್ಮವರ ಡಬ್ಬಿ ಕಟ್ಟಿದೆ, ಒಲೆ ಒರೆಸಿ ಚೀಲ ಹಿಡಿದು ಪಕ್ಕದ ಮನೆಯ ಅಕ್ಕನ ಜೊತೆ ಸಂಶಿಯ ಸಂತೆಗೆ ಹೊರಟೆ. ಬದನೆಕಾಯಿ ಗುಡ್ಡೆಯ ಮುಂದೆ ಎದುರಾದರು, ನಮ್ಮೂರಿನ ಅತ್ಯಂತ ಬಿಗುಮಾನದ ಮೇಡಂ! ಒಂದೊಂದೇ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಪಕ್ಕದಲ್ಲಿ ನಿಂತ ಮನುಷ್ಯರನ್ನು ಮಾತ್ರ ನೋಡುವುದಿಲ್ಲ. ಇವರ ಉದ್ಯೋಗವೇನು ಗೊತ್ತೇ? ಜನರ ಮನಸ್ಸಿನ ಮಾತು ಕೇಳುವುದು. ಆಪ್ತ ಸಮಾಲೋಚಕಿ!

"ನೋಡ್ರಿ ಸೊಕ್ಕ," ಅಕ್ಕ ನನ್ನ ಮೊಣಕೈ ತಿವಿದರು. "ಚಾ ಆತೇನ್ರಿ ಅಂತ ಒಂದ್ ಮಾತ್ ಕೇಳಿದ್ರ ಆಕೀ ಗಂಟೇನ್ ಹೋಗ್ತಿತ್ತು?"

ಮೇಡಂ ಮೊದಲು ಹೀಗಿರಲಿಲ್ಲ. ಶಾಲೆಯಲ್ಲಿ ಗಣಿತ ಕಲಿಸುವಾಗ ಬೀದಿಯ ನಾಯಿಯನ್ನೂ ಮಾತಾಡಿಸುತ್ತಿದ್ದರು. ಈ ಕೆಲಸಕ್ಕೆ ಬಂದ ಮೇಲೆ, ತಮ್ಮಲ್ಲಿಗೆ ಬರುವವರ ಗುಟ್ಟು ಉಳಿಯಲೆಂದು ಅವರನ್ನು ಹೊರಗೆ ತಾವಾಗಿ ಮಾತಾಡಿಸಬಾರದೆಂಬ ನೇಮ ಹಿಡಿದರು. ಊರು ಬಿಡುತ್ತದೆಯೇ? ಮೇಡಂ ಯಾರನ್ನು ಮಾತಾಡಿಸಲಿಲ್ಲವೋ ಅವರಿಗೇ ತಲೆ ಕೆಟ್ಟಿದೆ ಎಂದು ಗುರುತು ಹಿಡಿಯತೊಡಗಿತು! ಒಂದು ದಿನ ಕನ್ನಡಕ ಮರೆತು ಬಂದು ಪೋಸ್ಟ್ ಮಾಸ್ತರರಿಗೆ ನಮಸ್ಕಾರ ತಪ್ಪಿಸಿದರು. ಸಂಜೆಯೊಳಗೆ ನಾಲ್ಕು ಜನ ನಿಂಬೆಹಣ್ಣು ಮಂತ್ರಿಸಿಕೊಂಡು ಮಾಸ್ತರರ ಬಾಗಿಲಿಗೆ ಬಂದಿದ್ದರಂತೆ! ಅಂದಿನಿಂದ ಮೇಡಂ ಯಾರನ್ನೂ ಮಾತಾಡಿಸುವುದಿಲ್ಲ. ಸ್ವಂತ ತಮ್ಮನನ್ನೂ!

ಎದುರಾದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತವಳು ನಾನು. ಮೇಡಂ ಮುಖ ತಿರುಗಿಸಿದಾಗ ಮೊದಮೊದಲು ಕಣ್ಣು ತುಂಬುತ್ತಿತ್ತು. ಏಕೆಂದರೆ ನಾನೂ ಅವರಲ್ಲಿಗೆ ಹೋಗುತ್ತೇನೆ. ನಾಲ್ಕು ತಿಂಗಳಿಂದ, ವಾರಕ್ಕೊಮ್ಮೆ, ಹಿಂದಿನ ಓಣಿಯಿಂದ, ತಲೆತುಂಬ ಸೆರಗು ಹೊದ್ದು. ಅಕ್ಕನಿಗೆ ಗೊತ್ತಾದರೆ ಮರುದಿನ ಕುಂದಗೋಳದವರೆಗೂ ನಾನು ಹುಚ್ಚಿ!

ಮೇಡಂ ಕೋಣೆಯೊಳಗೆ ಎರಡು ಕುರ್ಚಿ. ಎದುರುಬದುರಲ್ಲ, ಪಕ್ಕಪಕ್ಕ. ನಡುವೆ ಒಂದು ಬುಟ್ಟಿ ಶೇಂಗಾ. "ಸುಲೀರಿ. ಕೈಗೆ ಕೆಲಸಿದ್ರ ಬಾಯಿಗೆ ಅಂಜಿಕಿ ಕಡಿಮಿ," ಎನ್ನುತ್ತಾರೆ.

"ಬುದ್ಧಿ ಹೇಳಂಗಿಲ್ಲೇನ್ರಿ ಮೇಡಂ?" ಎಂದು ಒಮ್ಮೆ ಕೇಳಿದ್ದೆ.

"ನಮ್ಮವ್ವಗ ಜೀವಮಾನ ಪೂರ್ತಿ ಎಲ್ಲಾರೂ ಬುದ್ಧಿ ಹೇಳಿದ್ರು. ಏನಾಗೇತಿ ಅಂತ ಕೇಳಿದವರು ಒಬ್ರೂ ಇರಲಿಲ್ಲ," ಎಂದು ಮತ್ತೊಂದು ಕಾಯಿ ಒಡೆದರು.

ಏಳು ತಿಂಗಳಿಗೆ ನನ್ನ ಮಗು ಹೊಟ್ಟೆಯಲ್ಲೇ ಹೋದಾಗ ಬಂದವರೆಲ್ಲ "ಮತ್ತೊಂದಾಗ್ತದ ಬಿಡ್ರಿ" ಎಂದಿದ್ದರು. ಇವರೊಬ್ಬರೇ ಕೇಳಿದ್ದು: "ಏನ್ ಹೆಸರಿಡಬೇಕಂತಿದ್ರಿ?" ಅಂದು ನಾನು ಒಂದು ಶೇಂಗಾವನ್ನೂ ಸುಲಿಯಲಿಲ್ಲ.

ಸಂಜೆ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತ ಅಕ್ಕ ಮತ್ತೆ ಶುರು ಮಾಡಿದರು. "ಅಂಥಾ ಸೊಕ್ಕಿನಾಕಿ ಹಂತ್ಯಾಕ ಯಾರರ ಹೋಗ್ತಾರೇನ್ರಿ?"

ನನಗೇನಾಯಿತೋ! ನನ್ನ ಮರ್ಯಾದೆ ಉಳಿಯಲೆಂದು ತಮ್ಮದನ್ನು ಸಂತೆಯಲ್ಲಿ ಚೆಲ್ಲಿಕೊಂಡು ಓಡಾಡುತ್ತಿದ್ದಾರೆ ಆ ಹೆಂಗಸು.

"ನಾ ಹೋಗ್ತೀನ್ರಿ ಅಕ್ಕಾರ," ಎಂದುಬಿಟ್ಟೆ.

ಅಕ್ಕ ಓಣಿಯ ಆ ತುದಿ, ಈ ತುದಿ ನೋಡಿದರು. ಆಮೇಲೆ ತಲೆ ತಗ್ಗಿಸಿ ಇನ್ನೊಂದು ದಂಟು ಮುರಿಯುತ್ತ ಹೇಳಿದರು:

"ನಂದ್ ಮಂಗಳವಾರ ಐತ್ರಿ. ನಿಮ್ಮದ್ಯಾವಾಗ?"